ಅತ್ತೆಯ ಕಣ್ಣಿನ ಡ್ರಾಪ್ಸ್

ಮದ್ದೂರಿನ ನಮ್ಮ ಮನೆಯ ಬೂದು ಬೆಕ್ಕು ಅತ್ತೆ ಸಾಕಿದ್ದು. ಒಂದು ಬೆಳಿಗ್ಗೆ ಅದು ಎಡಗಣ್ಣು ಅರ್ಧ ಮುಚ್ಚಿಕೊಂಡು ಬಂತು. ಗೀಜು ಕಟ್ಟಿ ನೀರು ಸೋರುತ್ತಿತ್ತು. ಬೀದಿಯ ಗಂಡುಬೆಕ್ಕಿನ ಜೊತೆ ಕಾದಾಡಿರಬೇಕು.

ಅತ್ತೆಗೆ ಪೊರೆ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಉಳಿದಿದ್ದ ಡ್ರಾಪ್ಸ್ ತಂದು ನನ್ನ ಕೈಗಿಟ್ಟರು.

“ನನ್ ಕಣ್ಣನ್ನೇ ವಾಸಿ ಮಾಡ್ತು, ಕೊತ್ತಿ ಕಣ್ಣು ಯಾವ ಲೆಕ್ಕ? ದಿನಕ್ಕೆ ಮೂರ್ ಸಲ ಬುಡು ಕಣಮ್ಮ.”

ಬಿಟ್ಟೆ. ಮರುದಿನ ಕೆಂಪು ಇಳಿದಂತೆ ಕಂಡು ಇಬ್ಬರಿಗೂ ಸಮಾಧಾನವಾಯಿತು. ನಾಲ್ಕನೆಯ ದಿನ ಕಣ್ಣುಗುಡ್ಡೆಯ ಮೇಲೆ ಬಿಳಿ ಮಸುಕು ಹರಡಿತ್ತು. ಬೆಕ್ಕು ಹಾಲನ್ನೂ ಮೂಸಲಿಲ್ಲ. ಬುಟ್ಟಿಯಲ್ಲಿ ಹಾಕಿ, ಮೇಲೆ ಟವೆಲ್ ಕಟ್ಟಿ, ಮಂಡ್ಯದ ಬಸ್ಸು ಹತ್ತಿದೆ.

ಪಶುವೈದ್ಯರು ಬಣ್ಣದ ಕಾಗದದ ಪಟ್ಟಿಯೊಂದನ್ನು ಕಣ್ಣಿಗೆ ತಾಗಿಸಿ, ತೊಳೆದು, ದೀಪ ಆರಿಸಿ ನೀಲಿ ಟಾರ್ಚ್ ಬಿಟ್ಟರು. ಗುಡ್ಡೆಯ ನಡುವೆ ಉದ್ದಿನಬೇಳೆಯಷ್ಟು ಜಾಗ ಹಸಿರಾಗಿ ಹೊಳೆಯಿತು.

“ಹಸಿರು ಕಾಣೋದೇ ಹುಣ್ಣು. ಉಗುರು ತಾಗಿರ್ಬೇಕು. ಏನ್ ಹಾಕಿದ್ರಿ?”

ಬಾಟಲಿ ತೋರಿಸಿದೆ. ಮೇಲಿನ ಚೀಟಿ ಓದಿ ಹಿಂದಕ್ಕೆ ಕೊಟ್ಟರು.

“ಇದ್ರಲ್ಲಿ ಸ್ಟಿರಾಯ್ಡ್ ಇದೆಯಮ್ಮ. ಕೆಂಪೇನೋ ಇಳಿಯುತ್ತೆ, ಗಾಯ ಮಾಯೋಕೆ ಬಿಡಲ್ಲ. ಹುಣ್ಣು ಒಳಕ್ಕಿಳಿದಿದೆ. ಮೊದಲ ದಿನವೇ ಬಂದಿದ್ರೆ ಉಳಿಸ್ಬೋದಿತ್ತೇನೋ.”

ಔಷಧಿ ಬದಲಿಸಿದರು. ಎರಡು ದಿನಕ್ಕೆ ಗುಡ್ಡೆ ಒಡೆಯಿತು. ಮತ್ತೆ ಮಂಡ್ಯಕ್ಕೆ ಒಯ್ದೆ; ಕಣ್ಣು ತೆಗೆದು ರೆಪ್ಪೆ ಹೊಲಿದು ಕಳಿಸಿದರು.

ಹೊಲಿಗೆ ನೋಡಿ ಅತ್ತೆ ಕೇಳಿದ್ದು ಒಂದೇ ಮಾತು. “ನನ್ ಡ್ರಾಪ್ಸಿಂದ ಏನಾರಾ ಆಯ್ತಾ?”

“ಇಲ್ಲ ಅತ್ತೆ. ಉಗುರೇ ಆಳಕ್ಕೆ ಹೋಗಿತ್ತಂತೆ.”

ಎಪ್ಪತ್ತು ದಾಟಿದವರ ಮನಸ್ಸು ನೋಯಿಸಬಾರದೆಂದುಕೊಂಡೆ. ಡ್ರಾಪ್ಸ್ ಬಿಟ್ಟ ಕೈ ನನ್ನದೇ ಎಂಬುದೂ ಅದರಲ್ಲಿ ಮುಚ್ಚಿಹೋಯಿತು.

ಹದಿನೈದು ದಿನ ಕಳೆದಿರಬೇಕು. ಎದುರುಮನೆಯಾಕೆ ಬಂದು, ತನ್ನ ಕರುವಿನ ಕಣ್ಣಿಗೆ ಹುಲ್ಲಿನ ಕಡ್ಡಿ ಚುಚ್ಚಿದೆ ಎಂದಳು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅತ್ತೆ ಕಪಾಟು ತೆರೆದು ಅದೇ ಬಾಟಲಿ ಅವಳ ಕೈಗೆ ಕೊಟ್ಟಾಗಿತ್ತು.

ಕಿತ್ತುಕೊಂಡೆ. “ಕೊಡ್ಬೇಡಿ ಅತ್ತೆ. ನಮ್ ಬೆಕ್ಕಿನ ಕಣ್ಣು ಹೋಗಿದ್ದು ಇದ್ರಿಂದಾನೇ.”

ಎದುರುಮನೆಯಾಕೆ ಇಬ್ಬರ ಮುಖ ನೋಡಿ, ಡಾಕ್ಟರಿಗೆ ತೋರಿಸುತ್ತೇನೆಂದು ಹೊರಟುಹೋದಳು. ಅತ್ತೆ ಕಪಾಟಿನ ಬಾಗಿಲು ಹಿಡಿದೇ ನಿಂತಿದ್ದರು.

“ಅವತ್ತೇ ಯಾಕ್ ಯೋಳ್ನಿಲ್ಲ ನೀನು? ಆ ಕರೂನೂ ಕುರ್ಡು ಮಾಡ್ತಿದ್ನಲ್ಲ ನಾನು.”

ಆ ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ. ಕರೆಯುವ ಧೈರ್ಯ ನನಗೂ ಬರಲಿಲ್ಲ.