ಕಳ್ಳ ಯಾರೆಂದು ತಿಳಿಯದೆ ಕೊಟ್ಟ ಮಾತು

ಕೊರೊನಾ ಮುಗಿದ ಮರುವರ್ಷ ನಾನು ರಾಣೆಬೆನ್ನೂರಿನ ಸಣ್ಣದೊಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಸಂಭಾಷಣೆ ಬರೆದು, ಕಲಾವಿದರಿಂದ ದನಿ ಕೊಡಿಸುವ ಕೆಲಸದಲ್ಲಿದ್ದೆ. ಬೆಂಗಳೂರಿನ ಕಂಪನಿಯೊಂದು ಅನಿಮೇಷನ್ ಚಿತ್ರದ ಎರಡನೇ ಭಾಗವನ್ನು ನಮ್ಮ ಕಡೆಯ ಕನ್ನಡಕ್ಕೆ ತರಲು ಕಳಿಸಿತು. ಪೈಲ್ವಾನರು ಕಾರ್ ರೇಸ್‌ಗೆ ಇಳಿಯುತ್ತಾರೆ. ಗೆದ್ದವನಿಗೆ ಕೊಡಬೇಕಾದ ಬೆಳ್ಳಿ ಗದೆ ಕಳುವಾಗುತ್ತದೆ. ಒಬ್ಬನ ಕಾರಿನ ಬ್ರೇಕನ್ನು ಯಾರೋ ಸಡಿಲ ಮಾಡಿರುತ್ತಾರೆ. ಕುಸ್ತಿ ಆಡುವವರಿಗೆ ಕಾರಿನಲ್ಲಿ ಏನು ಕೆಲಸ ಎಂಬುದು ಮೊದಲ ಭಾಗ ನೋಡಿದವರಿಗೆ ಗೊತ್ತಂತೆ. ನಾವು ನೋಡಿರಲಿಲ್ಲ.

ಡಬ್ಬಿಂಗ್‌ಗೆ ಚಿತ್ರವು ಕಥೆಯ ಕ್ರಮದಲ್ಲಿ ಬರುವುದಿಲ್ಲ. ಒಂದೊಂದು ಪಾತ್ರದ ಮಾತನ್ನು ಕತ್ತರಿಸಿದ ತುಣುಕುಗಳಿಗೆ ಲೂಪ್ ಎನ್ನುತ್ತೇವೆ. ಕಲಾವಿದ ತನ್ನ ಲೂಪ್‌ಗಳನ್ನಷ್ಟೇ ಮುಗಿಸಿ ಹೋಗುತ್ತಾನೆ. ಗುಟ್ಟು ರಟ್ಟಾಗಬಾರದೆಂದು ಕಂಪನಿ ಕ್ಲೈಮ್ಯಾಕ್ಸನ್ನೇ ತಡೆಹಿಡಿದಿತ್ತು. ನಾನು ಗೋಡೆಗೆ ಹಾಳೆ ಅಂಟಿಸಿ ಕಳ್ಳನ ಹೆಸರು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಸೋಮವಾರ ಮೆಕ್ಯಾನಿಕ್, ಬುಧವಾರ ರೆಫ್ರಿ, ಗುರುವಾರ ಮತ್ತೆ ಮೆಕ್ಯಾನಿಕ್. ತಲೆ ಕೆಟ್ಟು ಕೆರ ಹಿಡಿದಿತ್ತು.

ಚಿತ್ರದ ಮುದುಕ ಉಸ್ತಾದನಿಗೆ, ಅಂದರೆ ಕುಸ್ತಿ ಗುರುವಿಗೆ, ಕದರಮಂಡಲಗಿಯ ಫಕ್ಕೀರಪ್ಪ ಪೈಲ್ವಾನರಿಂದ ದನಿ ಕೊಡಿಸುವುದೆಂದು ನಿಶ್ಚಯಿಸಿದೆ. ಅವರು ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವವರು. ಕುರ್ಚಿಯಲ್ಲಿ ಕೂಡುವ ಮೊದಲೇ ಒಂದು ಕರಾರು ಹಾಕಿದರು.

"ಕಳ್ಳನ ಪಾತ್ರ ಆದ್ರ ನಾ ಒಲ್ಲೆರಿ ಸರ. ಉಸ್ತಾದ ಮೋಸಗಾರ ಅಂತ ನನ್ನ ಬಾಯಿಲೆನ ಕೇಳಿದ್ರ, ನನ್ನ ಶಿಷ್ಯರು ನಾಳೆ ನನ್ನ ಕಾಲು ಹೆಂಗ ಮುಟ್ಟತಾರ?"

ಅವರ ಲೂಪ್‌ಗಳನ್ನು ನಾನು ನೋಡಿದ್ದೆ. "ನೀ ಉಂಡು ಮಲಗಪಾ, ಗಾಡಿ ನಾ ನೋಡ್ಕೋತೇನಿ." ಬರೀ ಇಂಥ ಅಂತಃಕರಣದ ಮಾತುಗಳು.

"ಛೇ, ದೇವರಂಥಾ ಮನಷ್ಯಾ ಅದಾನ್ರಿ ಅವ. ಬೇಕಾದ್ರ ನಾ ಮಾತು ಕೊಡ್ತೇನಿ," ಎಂದುಬಿಟ್ಟೆ. ಪೈಲ್ವಾನರು ಆ 'ಉಂಡು ಮಲಗಪಾ' ಸಾಲನ್ನು ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ನಮ್ಮ ಸೌಂಡ್ ಎಂಜಿನಿಯರ್ ಕಣ್ಣೊರೆಸಿಕೊಂಡ.

ಚಿತ್ರ ಒಪ್ಪಿಸುವ ಹಿಂದಿನ ದಿನ ಮುಂಜಾನೆ ಕೊನೆಯ ಫೈಲ್ ಬಂತು. ಉಸ್ತಾದ ಸ್ಪ್ಯಾನರ್ ಹಿಡಿದು ಶಿಷ್ಯನ ಕಾರಿನ ಕೆಳಗೆ ಮಲಗಿದ್ದ! ಬೇರೆ ಚಿತ್ರದ ಫೈಲ್ ಬಂದಿರಬೇಕೆಂದು ಕಂಪನಿಗೆ ಫೋನ್ ಹಚ್ಚಿದೆ.

"ಅದೇ ಸರ್. ಅವರೇ ಕಳ್ಳ. ಯಾರೂ ಊಹಿಸಲ್ಲ ಅಲ್ವಾ?" ಎಂದು ಅಲ್ಲಿದ್ದ ಚಿತ್ರದ ನಿರ್ದೇಶಕರು ಖುಷಿಯಿಂದ ಹೇಳಿದರು. ನಾನು ಫೋನ್ ಇಟ್ಟು ಪೈಲ್ವಾನರನ್ನು ಕರೆಸಿದೆ.

ಅವರು ಬಂದಾಗ ಇದ್ದದ್ದನ್ನು ಇದ್ದಂಗೆ ಹೇಳಿದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ನೀವು ಬ್ಯಾಡ ಅಂದ್ರ ಎಲ್ಲಾ ತಗದು ಬ್ಯಾರೆಯವರ ಕಡೆ ಮಾಡಸ್ತೇನ್ರಿ."

"ನಾಳೆ ಒಳಗ ಆಕ್ಕೈತೇನು?"

"ಆಗೂದಿಲ್ರಿ. ಈ ಕೆಲಸ ಕೈ ಬಿಟ್ಟು ಹೊಕ್ಕೈತಿ."

ಅವರು ಅಂಗೈ ನೋಡಿಕೊಂಡರು. "ಕುಸ್ತಿ ಹಿಡಿಯೂ ಮುಂದ ಎದುರಿನವ ಕೊಟ್ಟ ಮಣ್ಣು ಕೈಯಾಗ ತಗೊಂಡ ಮ್ಯಾಲ ಪೈಲ್ವಾನ ಅಖಾಡ ಬಿಟ್ಟು ಇಳಿಯೂದಿಲ್ರಿ. ಹಚ್ಚರಿ ಮೈಕು. ಆದ್ರ ನನ್ನ ಹುಡುಗರ ಮುಂದ ನೀವ ಬಂದು ಹೇಳ್ಬೇಕು."

"ಗದಾ ಕದ್ದಾವ ನಾನ. ಬ್ರೇಕ್ ಸಡ್ಲ ಮಾಡಿದಾವನೂ ನಾನ." ಉಸ್ತಾದನ ತಪ್ಪೊಪ್ಪಿಗೆಯನ್ನು ಒಂದೇ ಟೇಕಿಗೆ ಮುಗಿಸಿದರು. ಹೆಡ್‌ಫೋನ್ ಇಟ್ಟು, ನನಗೆ ಹೇಳದೆ ಹೊರಟುಹೋದರು.

ಎರಡು ದಿನ ಬಿಟ್ಟು ಕದರಮಂಡಲಗಿಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟು, ಗರಡಿಯ ಕೆಂಪು ಮಣ್ಣಿನ ಮೇಲೆ ಶಿಷ್ಯರ ಎದುರು ಕೂತೆ. "ಕಥಿ ಪೂರ್ತಿ ಗೊತ್ತಿಲ್ದ ನಿಮ್ಮ ಉಸ್ತಾದರಿಗೆ ನಾನು ಮಾತು ಕೊಟ್ಟೆ. ತಪ್ಪು ನಂದು," ಎಂದೆ. ಎಲ್ಲರಿಗಿಂತ ಹಿರಿಯ ಶಿಷ್ಯ ಗುರುವಿನ ಕಡೆ ತಿರುಗಿದ.

"ಹಂಗಾರ ಪಿಕ್ಚರ್ ನೋಡಾಕ ಹೋಗೂದೋ ಬ್ಯಾಡೋ, ಉಸ್ತಾದ್ರ?"

"ಹೋಗ್ರಿ," ಎಂದರು ಪೈಲ್ವಾನರು. "ನಡುವ ಎದ್ದು ಬರಬ್ಯಾಡ್ರಿ. ತಪ್ಪು ಮಾಡಿದಾವ ಒಪ್ಗೊಳ್ಳೂದನ್ನ ಪೂರ್ತಿ ಕೇಳಿ ಬರ್ರಿ."

ಆ ಮಾತು ಅವರು ಚಿತ್ರದ ಉಸ್ತಾದನ ಬಗ್ಗೆ ಹೇಳಿದರೋ ನನ್ನ ಬಗ್ಗೆ ಹೇಳಿದರೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಈಗ ಯಾರೇ ದನಿ ಕೊಡಲು ಬಂದರೂ, "ಕಥೆಯ ಕೊನೆ ನನಗೂ ಗೊತ್ತಿಲ್ಲ" ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ನಾನು ತಡೆಯುವುದಿಲ್ಲ.