ಉದ್ಧರಣೆಯಷ್ಟು ನೀರು

ಅಕ್ಕಿಯನ್ನು ಎರಡನೇ ಸಲ ತೊಳೆದು, ಆ ನೀರನ್ನು ಕರಿಬೇವಿನ ಗಿಡಕ್ಕೆಂದು ಬೋಗುಣಿಗೆ ಬಗ್ಗಿಸುತ್ತಿದ್ದೆ. ಹಿತ್ತಲ ಬಾಗಿಲಲ್ಲಿ "ಅಕ್ಕಾ, ಇದೀರಾ?" ಅಂತ ಕೂಗು. ನಮ್ಮ ಹಿಂದಿನ ಸೈಟಿನಲ್ಲಿ ಮನೆ ಕಟ್ಟಿಸುತ್ತಿರುವವರ ಹೆಂಡತಿ. ಅವಳ ಗಂಡ ಮತ್ತು ನಮ್ಮ ಯಜಮಾನರು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಇವಳು ಹಳೇಬೀಡಿನ ಕಡೆಯವಳು, ಮಾತು ಜೋರು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಒಂದು ರವಿಕೆ ಕಣ.

"ತಾರಸಿಯ ಸೆಂಟ್ರಿಂಗ್ ಬಿಚ್ಚಿದ್ರು ಅಕ್ಕಾ, ಒಂದು ಬಿರುಕಿಲ್ಲ! ಇಷ್ಟು ಚೆನ್ನಾಗಿ ನೀರು ಕುಡಿದ ಮನೆ ಈ ಬೀದೀಲೇ ಇಲ್ಲ ಅಂದ ಮೇಸ್ತ್ರಿ. ಎಲ್ಲಾ ನಿಮ್ಮನೆ ನೀರಿನ ಪುಣ್ಯ."

"ನಮ್ಮನೆ ನೀರಾ?"

"ಅದೇ ಅಕ್ಕಾ, ಪಾಯ ಹಾಕಿದಾಗಿಂದ ನಿಮ್ಮನೆ ಅಣ್ಣ ನಮ್ಮ ಕಡೆಗೆ ಪೈಪ್ ಬಿಡ್ತಿದ್ರಲ್ಲ. ನಿಮಗೆ ತೊಂದರೆ ಆಗಬಾರದು ಅಂತ, ನೀವು ಸಂಜೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡ್ಕೊಂಡೇ ಬಿಡ್ತಿದ್ರು. ಎಂಥ ದೇವರಂಥ ಮನುಷ್ಯರು!"

ನಾನು ಬೋಗುಣಿ ಕೆಳಗಿಟ್ಟು, ಕೈ ಒರೆಸಿಕೊಂಡು, ಅವಳಿಗೆ ಕುಂಕುಮ ಕೊಟ್ಟೆ. ಕಾಫಿ ಕುಡಿದು ಹೋಗು ಅಂದೆ. ಟೈಲ್ಸ್ ಬಣ್ಣ, ಅಡುಗೆಮನೆ ಕಟ್ಟೆ, ಎಲ್ಲಾ ಹೇಳಿ ಹೋದಳು. ನನ್ನ ಮುಖ ಓದಲು ಅವಳಿಗೆ ಬರಲಿಲ್ಲ, ಅದೊಂದು ಶಿವನ ಕೃಪೆ. ಸಂಭ್ರಮಕ್ಕೆ ಬಂದವಳನ್ನು ಅಳಿಸಿ ಕಳಿಸಿದ ಪಾಪ ನನಗೆ ಬರಲಿಲ್ಲ.

ಅರಸೀಕೆರೆಯಲ್ಲಿ ಇರುವವರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ನಲ್ಲಿಗೆ ಮೀಟರ್ ಕೂತ ಮೇಲೆ ನಾನು ಇನ್ನೂ ಕೈ ಬಿಗಿ ಹಿಡಿದೆ. ಸೊಪ್ಪು ತೊಳೆದ ನೀರು ತುಳಸಿ ಬಿಟ್ಟು ಉಳಿದ ಗಿಡಗಳಿಗೆ, ಬಟ್ಟೆ ಅಲಸಿದ ನೀರು ಬಚ್ಚಲು ತಿಕ್ಕಲು. ಪಾತ್ರೆ ತೊಳೆಯುವಾಗ ನಲ್ಲಿ ಬಿಡುವ ಮಾತೇ ಇಲ್ಲ. ಎರಡು ಬೇಸಿನ್, ಒಂದರಲ್ಲಿ ಉಜ್ಜು, ಇನ್ನೊಂದರಲ್ಲಿ ಅದ್ದು. ಆದರೂ ಬಿಲ್ಲು ಇಳಿಯಲಿಲ್ಲ, ಏರಿತು. ಪ್ರತಿ ಸಲ ನಾನೇ ಕೇಳುತ್ತಿದ್ದೆ, "ಯಾಕ್ರೀ ಹೀಗೆ?" ಅವರು ಬಿಲ್ಲನ್ನು ತಿರುವಿ ಮುರುವಿ ನೋಡಿ, "ನೀನೇ ಎಲ್ಲೋ ಜಾಸ್ತಿ ಬಳಸ್ತಿದೀಯ ಕಣೇ" ಅನ್ನುತ್ತಿದ್ದರು.

ಎಲ್ಲಾದರೂ ಸೋರುತ್ತಿದೆಯೇನೋ ಅಂತ ಒಂದು ದಿನ ಕಕ್ಕಸಿನ ಫ್ಲಶ್ ಟ್ಯಾಂಕಿಗೆ ಅರಿಶಿನ ಕದಡಿ ಹಾಕಿದೆ. ಸೋರಿದರೆ ಕೆಳಗೆ ಹಳದಿ ಇಳಿಯಬೇಕಲ್ಲ. ಇಳಿಯಲಿಲ್ಲ. ನಮ್ಮ ಯಜಮಾನರು ನನ್ನ ಪಕ್ಕದಲ್ಲೇ ಬಗ್ಗಿ ನಿಂತು, ಟಾರ್ಚು ಹಿಡಿದು, "ಸೋರ್ತಾ ಇಲ್ಲ ನೋಡು" ಅಂದರು. ಹಿತ್ತಲ ಗೋಡೆ ಬುಡದಲ್ಲಿ ಸದಾ ಹಸಿ ಇರುತ್ತಿತ್ತು. ಕೇಳಿದರೆ, "ಹಿಂದಿನ ಸೈಟಿನವರು ಟ್ಯಾಂಕರ್ ನೀರು ಹಾಕಿಸ್ತಿದಾರೆ, ಅದು ಹರಿದು ಬರುತ್ತೆ" ಅಂದರು. ನಂಬಿದೆ. ಗಂಡ ಟಾರ್ಚು ಹಿಡಿದು ತೋರಿಸಿದ್ದನ್ನು ಯಾವ ಹೆಂಗಸು ನಂಬುವುದಿಲ್ಲ?

ಇಷ್ಟೇ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ದೇವರ ಗೂಡಿನಲ್ಲಿ ಒಂದು ಪುಟ್ಟ ಲಿಂಗ ಇದೆ, ಹಾರನಹಳ್ಳಿಯ ನನ್ನ ತವರಿನಿಂದ ಬಂದದ್ದು. ಸೋಮವಾರ ಸೋಮವಾರ ಅದಕ್ಕೆ ಒಂದು ಕೊಡ ನೀರಿನ ಅಭಿಷೇಕ. ಅವ್ವ ಹಾಗೆ ಮಾಡುತ್ತಿದ್ದಳು, ನಾನೂ ಹಾಗೇ. ಹರಿವಾಣದಲ್ಲಿ ನಿಂತ ನೀರು ಬಿಲ್ವದ ಗಿಡಕ್ಕೆ ಹೋಗುತ್ತಿತ್ತು, ಒಂದು ಹನಿ ಪೋಲಾಗುತ್ತಿರಲಿಲ್ಲ. ಬಿಲ್ಲು ಏರಿದ ಒಂದು ಸಲ ಅವರು ದೇವರ ಗೂಡಿನ ಮುಂದೆಯೇ ನಿಂತು ಅಂದರು: "ಶಿವನಿಗೆ ಕೊಡಗಟ್ಟಲೆ ಯಾಕೆ? ಒಂದು ಉದ್ಧರಣೆ ಸಾಕು. ಭಕ್ತಿ ಮುಖ್ಯ."

ಮಾತು ಸರಿಯೇ ಅನಿಸಿತು. ಕೊಡ ಹೋಗಿ ಚೊಂಬಾಯಿತು. ಚೊಂಬು ಹೋಗಿ ಉದ್ಧರಣೆ, ತೀರ್ಥ ಕೊಡುತ್ತಾರಲ್ಲ ಆ ಚಮಚ. ಲಿಂಗದ ನೆತ್ತಿ ಮಾತ್ರ ಒದ್ದೆ ಆಗುತ್ತಿತ್ತು, ಬುಡ ಒಣಗಿಯೇ ಇರುತ್ತಿತ್ತು. "ಕ್ಷಮಿಸಪ್ಪಾ, ಮನೆ ಖರ್ಚು" ಅಂತ ಕೈ ಮುಗಿಯುತ್ತಿದ್ದೆ. ಅದೇ ಹೊತ್ತಿಗೆ ಗೋಡೆಯಾಚೆ ಇಟ್ಟಿಗೆ, ಸಿಮೆಂಟು, ಕಂಬ ಎಲ್ಲ ಹೊಟ್ಟೆ ತುಂಬ ಕುಡಿಯುತ್ತಿದ್ದವು.

ಸಂಜೆ ಅವರು ಬಂದು ಚಪ್ಪಲಿ ಬಿಟ್ಟರು. ರವಿಕೆ ಕಣದ ತಟ್ಟೆಯನ್ನು ಮೇಜಿನ ಮೇಲೇ ಇಟ್ಟಿದ್ದೆ.

"ಇದೇನು?"

"ನಿಮ್ಮ ಗೆಳೆಯರ ಮನೆಯಿಂದ. ನಮ್ಮ ನೀರಿಗೆ."

ಅಂಗಿಯ ಗುಂಡಿಗೆ ಕೈ ಹಾಕಿದರು. "ಮಾತು ಕೊಟ್ಟಿದ್ದೆ ಕಣೇ. ಅವನಿಗಿನ್ನೂ ನಲ್ಲಿ ಬಂದಿಲ್ಲ. ನೀನೋ ಅಕ್ಕಿ ತೊಳೆದ ನೀರನ್ನೂ ಬಿಡದೋಳು. ಬೇಡ ಅಂತೀಯ ಅಂದ್ಕೊಂಡೆ."

"ಕೇಳಿದ್ರಾ?"

"ಇಲ್ಲ."

"ನೀರು ಕೇಳಿದವರಿಗೆ ಇಲ್ಲ ಅನ್ನೋ ಮನೇಲಿ ನಾನು ಹುಟ್ಟಿಲ್ಲ ಕಣ್ರೀ. ಹಗಲು ಹೊತ್ತಲ್ಲಿ ನಾನೇ ಪೈಪ್ ಎಳೆದು ಕೊಡ್ತಿದ್ದೆ. ಕೊಟ್ಟಿದ್ದಕ್ಕೆ ಬೇಜಾರಿಲ್ಲ. ನನ್ನ ಮೇಲೆ ಯಾಕೆ ಹಾಕಿದ್ರಿ?"

"ಬಿಲ್ ಹಿಡ್ಕೊಂಡು ನೀನು ಕೇಳ್ತಿದ್ದೆ. ಏನಾದ್ರೂ ಹೇಳಬೇಕಿತ್ತಲ್ಲ."

ಏನಾದರೂ ಹೇಳಬೇಕಿತ್ತು! ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವರ ಮಾತಿಗೆ ಎರಡು ಮಾತು ಆಡಿದವಳಲ್ಲ. ಅದು ಗೊತ್ತಿದ್ದೇ ಅವರು ಏನಾದರೂ ಹೇಳಿದ್ದರು.

"ಹೋಗಲಿ ಬಿಡು, ಇನ್ನು ಅವನಿಗೂ ನಲ್ಲಿ ಬರುತ್ತೆ," ಅಂದರು, ಮೆತ್ತಗೆ. "ಈ ಸೋಮವಾರದಿಂದ ಒಂದು ಕೊಡ ಹಾಕು ದೇವರಿಗೆ."

"ಕಮ್ಮಿ ಮಾಡಿದ್ದು ನಿಮ್ಮ ಮಾತಿಗೆ. ಜಾಸ್ತಿ ಮಾಡೋಕೆ ನಿಮ್ಮ ಮಾತು ಬೇಡ. ಅದು ನನಗೂ ಆ ಶಿವನಿಗೂ ಬಿಟ್ಟಿದ್ದು."

ಅವರು ಇನ್ನೇನೋ ಅಂದರು, ನಾನು ಕೇಳಿಸಿಕೊಳ್ಳಲಿಲ್ಲ. ಎಣಿಸಿದರೆ ಈಗಲೂ ಕೃಪೆಗಳಿವೆ. ಸಂಪು ಒಣಗಿಲ್ಲ. ಆ ಹುಡುಗಿಯ ಮನೆ ಗಟ್ಟಿಯಾಗಿದೆ, ಅದರಲ್ಲಿ ನನ್ನ ಶಿವನ ಪಾಲೂ ಸೇರಿದೆ. ಬಿಲ್ವದ ಗಿಡ ಸೊರಗಿದ್ದರೂ ಚಿಗುರು ಬಿಟ್ಟಿದೆ. ಆದರೆ ಇನ್ನು ಅವರು ಟಾರ್ಚು ಹಿಡಿದು ಏನು ತೋರಿಸಿದರೂ ನಾನು ಇನ್ನೊಂದು ಸಲ ಬಗ್ಗಿ ನೋಡುತ್ತೇನೆ. ಅದಕ್ಕೆ ಯಾವ ಕೃಪೆಯನ್ನು ಎಣಿಸಿಕೊಳ್ಳಲಿ, ತಿಳಿಯಲಿಲ್ಲ.

ಬೆಳಿಗ್ಗೆ ಬಟ್ಟೆ ಅಲಸಿದ ನೀರು ಬಕೆಟ್ಟಿನಲ್ಲಿ ಹಾಗೇ ಇತ್ತು. ಸೆರಗು ಸಿಕ್ಕಿಸಿ, ಪೊರಕೆ ತಗೊಂಡು, ಆ ನೀರಿನಲ್ಲೇ ಬಚ್ಚಲು ತಿಕ್ಕಲು ಕೂತೆ.