ಬಸ್ ಬಿಟ್ಟ ಮೇಲಿನ ಮಾತು

ಅಕ್ಕ ಹುಲಿಗೆಮ್ಮ ನನಗೆ ನಂಬಿ ಒಪ್ಪಿಸಿದ್ದು ಒಂದೇ ಕೆಲಸ. ಬಸ್ಸಿನಲ್ಲಿ ಕೂತು, ಅವಳ ಮಿರ್ಚಿ ಭಜಿ ತಿಂದವರು ಏನು ಮಾತಾಡುತ್ತಾರೋ ಕೇಳಿ ಬಂದು ಹೇಳುವುದು. ಅದಕ್ಕೆ ಓದು ಬೇಕಿರಲಿಲ್ಲ, ಮೈ ಬಗ್ಗಿಸುವುದೂ ಬೇಕಿರಲಿಲ್ಲ. ಅದನ್ನೂ ನಾನು ಮಾಡಲಿಲ್ಲ. ಮಾಡಿದೆನೆಂದು ಸುಳ್ಳು ಹೇಳಿದೆ.

ಇದು ಎಂಬತ್ತರ ದಶಕದ ಮಾತು. ಮಸ್ಕಿ ಬಸ್ ನಿಲ್ದಾಣದ ಗೋಡೆಗೆ ಹತ್ತಿದಂತೆ ತಗಡು ಹೊದಿಸಿದ ಅವಳ ಹೋಟೆಲಿತ್ತು. ಭಾವ ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ವಾರಕ್ಕೊಮ್ಮೆ ಬಂದು ಉಂಡು ಹೋಗುತ್ತಿದ್ದ. ಹೋಟೆಲು ಪೂರಾ ಅಕ್ಕನದೇ. ಮಂಡಾಳ ಅಂದರೆ ಮಂಡಕ್ಕಿಯ ಒಗ್ಗರಣಿ, ಮಿರ್ಚಿ, ಚಹಾ, ಇಷ್ಟೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು, ಮೀಸೆ ಬಂದು ಎಷ್ಟೋ ವರ್ಷವಾದರೂ ಒಂದು ಕಡೆ ನಿಂತು ದುಡಿದವನಲ್ಲ. ಅವಳೇ ಕರೆದು ಗ್ಲಾಸು ತೊಳೆಯಲು ಇಟ್ಟುಕೊಂಡಿದ್ದಳು.

ಹಿಟ್ಟು ಕಲಸುವಾಗ ಅಕ್ಕ ಚಮಚ ಮುಟ್ಟುತ್ತಿರಲಿಲ್ಲ. ಉಪ್ಪು, ಅಜವಾನ ಎಲ್ಲ ಕೈಯಳತೆ. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒಂದು ಕ್ಷಣ ಕಣ್ಣು ಮುಚ್ಚುವಳು. ಆಮೇಲೆ ತಲೆಯಾಡಿಸಿದರೆ ಆಯಿತು, ಅದರ ಮೇಲೆ ಯಾರ ಮಾತೂ ನಡೆಯುತ್ತಿರಲಿಲ್ಲ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸುಗಳು ಬಂದು ನಿಂತರೆ ಸಾಕು, ಕಿಟಕಿಗಳಿಂದ ಕೈಗಳು ಚಾಚುತ್ತಿದ್ದವು. ಪೇಪರಿನಲ್ಲಿ ಕಟ್ಟಿಸಿಕೊಂಡು, ಬಸ್ಸು ಹೊರಟ ಮೇಲೆ ತಿನ್ನುವವರೇ ಹೆಚ್ಚು.

ಹೇಗಿದೆ ಎಂದು ಗಿರಾಕಿಗಳನ್ನು ಅವಳು ಎಂದೂ ಕೇಳಿದವಳಲ್ಲ. ಯಾಕೆ ಕೇಳುವುದಿಲ್ಲವೆಂದು ನಾನೇ ಒಮ್ಮೆ ಕೇಳಿದೆ.

"ಕಾದ ಎಣ್ಣಿ ಮುಂದ ಕುಂತಾಕಿಗೆ ಚಲೋ ಆಗಿಲ್ಲ ಅಂತ ಯಾರು ಅಂತಾರಲೇ? ಬಸ್ ಬಿಟ್ಟ ಮ್ಯಾಲ ಮಂದಿ ಖರೆ ಮಾತಾಡ್ತಾರ. ನೀ ಹತ್ತಿ ಕುಂದ್ರು, ಸುಮ್ನ ಕೇಳು."

ಹಾಗೆ ವಾರಕ್ಕೆ ಒಂದೆರಡು ಸಲ ನಾನು ಲಿಂಗಸುಗೂರಿನ ತನಕ ಹೋಗಿ ಬರುವುದು ಶುರುವಾಯಿತು. ಮೊದಮೊದಲು ನಿಯತ್ತಿನಿಂದಲೇ ಕೇಳಿದೆ. ಪೇಪರಿನ ಮಸಿ ಮಿರ್ಚಿಗೆ ಹತ್ತುತ್ತದೆ ಎಂದು ಯಾರೋ ಗೊಣಗಿದ್ದನ್ನು ಬಂದು ಹೇಳಿದೆ. ಮರುದಿನವೇ ಪೇಪರಿನೊಳಗೆ ಮುತ್ತಲ ಎಲೆ ಬಂತು. ಇನ್ನೊಮ್ಮೆ ಒಬ್ಬ ಹೆಂಗಸು, "ರುಚಿ ಏನೋ ಐತಿ, ಆದ್ರ ಆಕಿ ಸೆರಗಿಗೆ ಕೈ ಒರಸ್ತಾಳ ನೋಡು" ಅಂದಳು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅಕ್ಕ ಬಿಡಲಿಲ್ಲ, ಹೇಳಿಸಿದಳು. ಅವಳ ಮುಖ ಕೆಂಪಗಾಯಿತು. ಅಂದವರು ಮುದಗಲ್ಲಿನ ಕಡೆಯವರು ಎಂದು ನಾನು ಶುರು ಮಾಡಿದರೆ ತಡೆದಳು.

"ಅಂದವರ ಸುದ್ದಿ ಬ್ಯಾಡ. ಅಂದದ್ದಷ್ಟ ಹೇಳು."

ಮರುದಿನ ಸೊಂಟಕ್ಕೊಂದು ತೊಳೆದ ಬಟ್ಟೆ ಸಿಕ್ಕಿಸಿಕೊಂಡೇ ಕೂತಳು.

ನಾನು ಕೆಟ್ಟದ್ದು ಒಂದು ನಗೆಯಿಂದ. ಬಸ್ಸಿನಲ್ಲಿ ನನ್ನ ಗೆಳೆಯನೊಬ್ಬ ಎಲ್ಲರಿಗೂ ಕೇಳುವಂತೆ, "ಬಂದಾನ ನೋಡ್ರಿ ಮಿರ್ಚಿ ಸಿಐಡಿ. ಬಾಯಿ ಮುಚ್ಚಿಕೊಂಡು ತಿನ್ರಿ, ಇಲ್ಲಂದ್ರ ಅಕ್ಕಗ ವರದಿ ಹೋಗತೈತಿ" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅಂದಿನಿಂದ ನಾನು ಅಕ್ಕನ ಕಣ್ಣೆದುರು ಬಸ್ಸು ಹತ್ತುವುದು, ಊರ ಹೊರಗಿನ ತಿರುವಿನಲ್ಲಿ ಇಳಿದು ಸೈಕಲ್ ಅಂಗಡಿಯಲ್ಲಿ ಕೇರಂ ಆಡುವುದು, ಲಿಂಗಸುಗೂರಿನಿಂದ ಬರುವ ಬಸ್ಸು ಅಲ್ಲಿ ನಿಧಾನಿಸಿದಾಗ ಹತ್ತಿ ಬಂದು ಇಳಿಯುವುದು. "ಎಲ್ಲರೂ ಚಲೋ ಐತಿ ಅಂದ್ರು" ಎಂದು ಹೇಳಿಬಿಡುತ್ತಿದ್ದೆ.

ಅಕ್ಕನಿಗೆ ಅನುಮಾನ ಬಂತು. "ಬರೇ ಚಲೋ ಅಂತಾರೇನು? ಮಂದಿ ಅಷ್ಟ ಒಳ್ಳೇರು ಯಾವಾಗ ಆದ್ರು? ನಿದ್ದಿ ಮಾಡೀದಿಯೇನು ಮತ್ತ?"

ನಂಬಲೆಂದು ಒಂದು ದೂರು ಹುಟ್ಟಿಸಿದೆ. "ಖಾರ ಹೆಚ್ಚಾತು ಅಂದ್ರು." ಅವಳು ಹಸಿಮೆಣಸಿನಕಾಯಿ ಸೀಳಿ ಬೀಜ ತೆಗೆಯತೊಡಗಿದಳು. ಆಮೇಲೊಮ್ಮೆ ಹುಳಿ ಮುಂದಾಗಿದೆ ಅಂದೆ. ಒಳಗೆ ಸವರುತ್ತಿದ್ದ ಹುಣಸೆಹಣ್ಣು ಹೋಯಿತು. ಅಜವಾನದ ವಾಸನೆ ಅಂದೆ, ಅದೂ ಹೋಯಿತು. ಬಾಯಿಗೆ ಬಂದದ್ದನ್ನು ನಾನು ಹೇಳುತ್ತಿದ್ದೆ, ಅವಳು ಅದನ್ನೆಲ್ಲ ಒಲೆಯ ಮುಂದೆ ನಡೆಸುತ್ತಿದ್ದಳು. ಮಂದಿ ಕಿಟಕಿಯಿಂದ ಕೈ ಚಾಚುತ್ತಿದ್ದುದೇ ಆ ಖಾರಕ್ಕೆ, ಆ ಹುಳಿಗೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಗಿರಾಕಿ ಸಣ್ಣಗೆ ಕರಗಿತು. ಎದುರಿಗೆ ಒಂದು ತಳ್ಳುಗಾಡಿ ಬಂದು, ಕಿಟಕಿಯ ಕೈಗಳು ಆ ಕಡೆ ಚಾಚಿದವು. ಹಳೆಯ ಕಂಡಕ್ಟರ್ ಒಬ್ಬ ಬಂದು ನೇರವಾಗಿ ಕೇಳಿದ.

"ಯಕ್ಕಾ, ಮದ್ಲಿನ ಮಿರ್ಚಿ ಎಲ್ಲಿ ಹೋತು? ಇದು ಬಾಣಂತಿಗೆ ಮಾಡಿದಂಗ ಐತಲ್ಲ."

"ಮಂದಿಗೆ ಖಾರ ಆಗಾಕತ್ತಿತ್ತಪ್ಪ."

"ಯಾವ ಮಂದಿಗೆ? ದಿನಾ ಇದ ದಾರ್ಯಾಗ ಹೋಗಾವ ನಾ, ನನ್ನ ಬಸ್‌ನ್ಯಾಗ ಒಬ್ಬರೂ ಅಂದಿಲ್ಲ."

ನಾನು ಪಕ್ಕದಲ್ಲೇ ಗ್ಲಾಸು ತೊಳೆಯುತ್ತಿದ್ದೆ. ಹೇಳಬೇಕಾದ ಹೊತ್ತು ಅದೇ ಆಗಿತ್ತು. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಮ್ಮ ತಮ್ಮ ಕಿವಿಯಾರೆ ಕೇಳಿ ಬಂದಾನ" ಅಂದಳು, ಅಷ್ಟೇ. ನಾನು ತೊಳೆದ ಗ್ಲಾಸನ್ನೇ ಮತ್ತೆ ತೊಳೆದೆ.

ಹೋಟೆಲು ಮುಚ್ಚುವ ಮೊದಲೇ ಅವಳ ಧೈರ್ಯ ಉಡುಗಿತ್ತು. ಮನೆಯಲ್ಲಿ ಬೇಳೆ ಕುದಿಸಿದರೂ ಸೌಟು ಹಿಡಿದು ಬಂದು, "ಉಪ್ಪು ಬರೋಬರಿ ಐತೇನು ನೋಡಲೇ" ಎಂದು ನನ್ನನ್ನೇ ಕೇಳುವಳು. ಕಣ್ಣು ಮುಚ್ಚಿ ತಲೆಯಾಡಿಸುವುದನ್ನು ನಾನು ಆಮೇಲೆ ನೋಡಲಿಲ್ಲ.

ಕೊನೆಗೆ ಹೋಟೆಲಿನ ತಗಡು ಬಿಚ್ಚಿ ಮಾರಿ, ಗಂಡನೊಂದಿಗೆ ತುರ್ವಿಹಾಳಕ್ಕೆ ಹೋಗಿ ಭತ್ತದ ನಾಟಿಗೆ ನಿಂತಳು. ನಾನು ಲಿಂಗಸುಗೂರಿನಲ್ಲಿ ಹಿಟ್ಟಿನ ಗಿರಣಿ ಸೇರಿದೆ. ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಅವಳು ಎಂದೂ ಹಳೆಯದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೀಗೇ ವರ್ಷಗಳು ಹೋದವು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಮ್ಮೆ ಹೋಗಿದ್ದೆ. ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದೆವು. ಅವಳ ಜೊತೆ ನಾಟಿಗೆ ಹೋಗುವ ನೆರೆಮನೆಯಾಕೆ ಬಂದು, "ಯಕ್ಕಾ, ನಾಳೆ ನಮ್ಮ ಹೊಸ ಮನಿ ಒಕ್ಕಲ. ಮಿರ್ಚಿ ನೀನ ಕರೀಬೇಕು. ಮಸ್ಕ್ಯಾಗ ಹೋಟೆಲ್ ಇಟ್ಟಾಕಿ ಅಂತಲ್ಲ" ಅಂದಳು.

"ಬ್ಯಾಡವ್ವಾ. ಕಾಯಿಪಲ್ಯ ಹೆಚ್ಚತೀನಿ, ಭಾಂಡಿ ತಿಕ್ಕತೀನಿ. ಒಲಿ ಮುಂದ ಮಾತ್ರ ಕುಂದ್ರಸಬ್ಯಾಡ. ನನ್ನ ಕೈಗೆ ರುಚಿ ಇಲ್ಲ."

"ಹಂಗ ಯಾರು ಅಂದ್ರು?"

"ತಿಂದ ಮಂದಿನ ಅಂದಾರ. ಬೇಕಾದ್ರ ಇವನ್ನ ಕೇಳು, ಇವ ಎಲ್ಲಾ ಕೇಳ್ಯಾನ."

ಕಣ್ಣು ಮಂದವಾಗಿದೆ ಎನ್ನುವ ಹಾಗೆ, ದುಃಖವಿಲ್ಲದೆ ಹೇಳಿದಳು. ಆ ಹೆಂಗಸು ನನ್ನ ಮುಖ ನೋಡಿದಳು. ನಾನು ಎದ್ದು ನಿಂತೆ. ಯಾಕೆ ಎದ್ದೆನೋ ತಿಳಿಯದು.

"ಯಾರೂ ಅಂದಿಲ್ಲ ಯಕ್ಕಾ. ನಾ ಬಸ್‌ನ್ಯಾಗ ಹೋಗತಿದ್ದಿಲ್ಲ, ಊರ ಹೊರಗ ಇಳಿದು ಕೇರಂ ಆಡತಿದ್ದೆ. ಖಾರ ಅಂದದ್ದು ನಾ, ಹುಳಿ ಅಂದದ್ದು ನಾ. ನಿನ್ನ ಕೈಯಾಗ ಏನೂ ಐಬು ಇದ್ದಿಲ್ಲ. ನನ್ನ ತಪ್ಪಾತು ಯಕ್ಕಾ."